ಆನ್ ಆಗುವಾಗಲೇ ಕಂಪ್ಯೂಟರ್ ಹ್ಯಾಂಗ್ ಆಗುತ್ತಿದೆಯಾ? ಫಾರ್ಮ್ಯಾಟ್ ಹೊಡೆಸುವ ಮುಂಚೆ ಇಷ್ಟು ನೋಡಿ

ಬಟನ್ ಒತ್ತುತ್ತೀರಿ. ಫ್ಯಾನ್ ತಿರುಗುತ್ತದೆ, ಕಂಪನಿಯ ಲೋಗೋ ಬರುತ್ತದೆ, ಅದರ ಕೆಳಗೆ ಚುಕ್ಕಿಗಳು ಸುತ್ತತೊಡಗುತ್ತವೆ. ಅಲ್ಲಿಗೆ ಮುಗಿಯಿತು, ಮುಂದಕ್ಕೆ ಹೋಗುವುದಿಲ್ಲ. ಅಂಗಡಿಗೆ ಒಯ್ದರೆ ಹೆಚ್ಚಾಗಿ ಸಿಗುವ ಉತ್ತರ ಒಂದೇ, 'ಫಾರ್ಮ್ಯಾಟ್ ಹೊಡೀಬೇಕು ಸರ್'. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ರ‍್ಯಾಮ್ ಅನ್ನುವ ಮೆಮೊರಿ ಪಟ್ಟಿ ಸಡಿಲವಾಗಿದ್ದರೆ ಫಾರ್ಮ್ಯಾಟ್ ಮಾಡಿದ ಮೇಲೂ ಅದು ಸಡಿಲವೇ. ಹಾರ್ಡ್ ಡಿಸ್ಕ್ ಕೊನೆಯುಸಿರೆಳೆಯುತ್ತಿದ್ದರೆ ಅದರ ಮೇಲೆ ಹೊಸ ವಿಂಡೋಸ್ ಹಾಕಿಸಿ ಏನು ಬಂತು? ಸ್ವಲ್ಪ ದಿನಕ್ಕೆ ಮತ್ತದೇ ಕಥೆ, ಜೊತೆಗೆ ಮಗುವಿನ ನಾಮಕರಣದ ಫೋಟೋಗಳೂ ಇಲ್ಲ. ಆದ್ದರಿಂದ ಮೊದಲು ನೋಡಬೇಕಾದದ್ದು ಅದು ಎಲ್ಲಿ ನಿಲ್ಲುತ್ತಿದೆ ಅನ್ನುವುದು. ನಿಲ್ಲುವ ಜಾಗ ಗೊತ್ತಾದರೆ ಅರ್ಧ ರೋಗ ಗೊತ್ತಾದ ಹಾಗೆ.

ಅದಕ್ಕೂ ಮುಂಚೆ, ನಿಜಕ್ಕೂ ನಿಂತಿದೆಯಾ ನೋಡಿ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಅದರ ಪುಟ್ಟ ಲೈಟು ಹತ್ತಿ ಆರಿದರೆ ಕಂಪ್ಯೂಟರ್ ಒಳಗೊಳಗೇ ಏನೋ ಮಾಡುತ್ತಿದೆ ಅಂತ ಅರ್ಥ, ಎಷ್ಟು ಒತ್ತಿದರೂ ಲೈಟು ಅಲ್ಲಾಡದಿದ್ದರೆ ಹೆಚ್ಚಾಗಿ ಪೂರ್ತಿ ಹ್ಯಾಂಗ್ ಆಗಿದೆ ಅಂತಲೇ. ಕ್ಯಾಬಿನೆಟ್ಟಿನ ಮುಂದಿರುವ ಡಿಸ್ಕ್ ಲೈಟನ್ನೂ ಗಮನಿಸಿ. ಅದು ಪಕಪಕ ಮಿನುಗುತ್ತಿದ್ದರೆ ಸ್ವಲ್ಪ ತಾಳ್ಮೆ ಬೇಕು, ಅದರಲ್ಲೂ ಸ್ಕ್ರೀನ್ ಮೇಲೆ ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ ಅಂತ ಬರೆದಿದ್ದರೆ, ಹಳೇ ಹಾರ್ಡ್ ಡಿಸ್ಕ್ ಇರುವ ಸಿಸ್ಟಮ್ಮಿನಲ್ಲಿ ಒಂದೆರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ, ನಡುವೆ ಪ್ಲಗ್ ಕಿತ್ತರೆ ಇಲ್ಲದ ತೊಂದರೆ ತಂದುಕೊಂಡಂತೆ.

ಲೋಗೋದಲ್ಲೇ ನಿಂತರೆ

ಚುಕ್ಕಿಗಳೇ ಬರದೆ, ಕಂಪನಿಯ ಲೋಗೋದಲ್ಲೋ ಕಪ್ಪು ಸ್ಕ್ರೀನಿನಲ್ಲೋ ನಿಂತರೆ ವಿಂಡೋಸ್ ಇನ್ನೂ ಎದ್ದೇ ಇಲ್ಲ. ಅದನ್ನು ಬೈಯುವುದು ಬೇಡ. ಪೆನ್ ಡ್ರೈವ್, ಪ್ರಿಂಟರ್, ಎಕ್ಸ್‌ಟರ್ನಲ್ ಡಿಸ್ಕ್, ಮೊಬೈಲ್ ಚಾರ್ಜಿಗೆ ಹಾಕಿದ ಕೇಬಲ್, ಎಲ್ಲವನ್ನೂ ಕೀಳಿ. ಮೌಸು ಕೀಬೋರ್ಡು ಮಾತ್ರ ಇರಲಿ. ಈಗ ಆನ್ ಮಾಡಿ. ಸಿಲ್ಲಿ ಅನಿಸಬಹುದು, ಆದರೆ ಮರೆತು ಬಿಟ್ಟ ಒಂದು ಪೆನ್ ಡ್ರೈವ್ ಸಾಕು ಕಂಪ್ಯೂಟರನ್ನು ತಡೆದು ನಿಲ್ಲಿಸಲು.

ಇದಕ್ಕೂ ಬಗ್ಗದಿದ್ದರೆ ರ‍್ಯಾಮ್ ನೋಡೋಣ. ಡೆಸ್ಕ್‌ಟಾಪ್ ಆದರೆ ಇದು ಮನೆಯಲ್ಲೇ ಆಗುವ ಕೆಲಸ. ಪ್ಲಗ್ ಕೀಳಿ. ಕಿತ್ತ ಮೇಲೆ ಪವರ್ ಬಟನ್ನನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಹೋಗಲಿ. ಪಕ್ಕದ ಬಾಗಿಲಿನ ಸ್ಕ್ರೂ ಬಿಚ್ಚಿ, ಒಳಗಿನದ್ದೇನನ್ನೂ ಮುಟ್ಟುವ ಮುಂಚೆ ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹದ ಜಾಗವನ್ನೊಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯುತ್ತದೆ. ರ‍್ಯಾಮ್ ಪಟ್ಟಿಯ ತುದಿಯಲ್ಲಿರುವ ಕ್ಲಿಪ್ ಹೊರಕ್ಕೆ ತಳ್ಳಿದರೆ ಅದು ಮೇಲೆದ್ದು ಬರುತ್ತದೆ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಹಲ್ಲುಗಳು ಬೇಗ ಮಂಕಾಗುತ್ತವೆ, ಅದಕ್ಕೇ ರಿಪೇರಿಯವರ ಜೇಬಿನಲ್ಲಿ ಸದಾ ಒಂದು ರಬ್ಬರ್ ಇರುತ್ತದೆ. ವಾಪಸ್ ಕೂರಿಸುವಾಗ ಪಟ್ಟಿಯ ಕಚ್ಚು ಸ್ಲಾಟಿನ ಕಚ್ಚಿಗೆ ಹೊಂದಬೇಕು. ಎರಡೂ ತುದಿ ಒತ್ತಿದಾಗ ಕ್ಲಿಪ್ಪು 'ಟಕ್' ಅನ್ನದಿದ್ದರೆ ಅದು ಕೂತಿಲ್ಲ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ಆನ್ ಮಾಡಿ ನೋಡಿ. ಒಂದರಲ್ಲಿ ಸಲೀಸಾಗಿ ಆನ್ ಆಗಿ ಇನ್ನೊಂದರಲ್ಲಿ ನಿಂತರೆ ಕಳ್ಳ ಸಿಕ್ಕಿದ.

ಆನ್ ಮಾಡಿದಾಗೆಲ್ಲ ಗಡಿಯಾರ ಹಿಂದಿನ ಯಾವುದೋ ವರ್ಷ ತೋರಿಸುತ್ತದಾ? ಎಫ್1 ಒತ್ತಿ ಅನ್ನುತ್ತದಾ? ಹಾಗಾದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಮುಗಿದಿದೆ. ಹೆಚ್ಚಾಗಿ ಅದು ಸಿಆರ್2032, 3 ವೋಲ್ಟಿನದು, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಸೆಲ್ ತೆಗೆದಾಗ ಬಯೋಸ್‌ನ (ವಿಂಡೋಸ್‌ಗೂ ಮುಂಚೆ ಏಳುವ, ಮದರ್‌ಬೋರ್ಡಿನಲ್ಲೇ ಇರುವ ಪುಟ್ಟ ಪ್ರೋಗ್ರಾಂ) ಸೆಟ್ಟಿಂಗ್ ಎಲ್ಲ ಮೊದಲಿನಂತಾಗಿ, ಡಿಸ್ಕಿನ ಸಾಟಾ ಮೋಡ್ (ಕಂಪ್ಯೂಟರ್ ಡಿಸ್ಕಿನ ಜೊತೆ ಮಾತಾಡುವ ರೀತಿ) ಬದಲಾದರೆ ಚೆನ್ನಾಗಿದ್ದ ವಿಂಡೋಸ್ ಕೂಡ ನೀಲಿ ಸ್ಕ್ರೀನ್ ತೋರಿಸಬಹುದು. ಸೆಲ್ ತೆಗೆಯುವ ಮುಂಚೆಯೇ ಆ ಮೋಡ್ ಎಎಚ್‌ಸಿಐ ಅಂತ ಇದೆಯಾ, ರೇಡ್ ಅಂತ ಇದೆಯಾ ನೋಡಿ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ.

ಬಯೋಸ್‌ಗೆ ಹೋಗಲು ಆನ್ ಆಗುತ್ತಿದ್ದಂತೆ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಇರಬೇಕು. ಅಲ್ಲಿ ಡಿಸ್ಕಿನ ಹೆಸರು ಕಾಣುತ್ತಾ ನೋಡಿ. ಒಮ್ಮೆ ಕಂಡು ಒಮ್ಮೆ ಮಾಯವಾದರೆ ಮೊದಲು ಕೇಬಲ್ ಬದಲಿಸಿ, ಬೇರೆ ಪೋರ್ಟಿಗೆ ಹಾಕಿ. ಆಮೇಲೂ ಹಾಗೇ ಆದರೆ ಡಿಸ್ಕಿನ ಮೇಲೆ ಅನುಮಾನ.

ಚುಕ್ಕಿ ಸುತ್ತುತ್ತಾ ನಿಂತರೆ

ಇಲ್ಲಿಂದ ವಿಂಡೋಸ್‌ನ ಸರದಿ. ಸತತವಾಗಿ ಎರಡು ಸಲ ಆನ್ ಆಗದೆ ಹೋದರೆ ವಿಂಡೋಸ್ 10, 11 ಎರಡೂ ತಾವಾಗಿಯೇ ರಿಪೇರಿ ಮೆನುವನ್ನು ತೆರೆಯುತ್ತವೆ. ಆದ್ದರಿಂದ ಚುಕ್ಕಿ ಬಂದ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೊಮ್ಮೆ ಹಾಗೇ ಮಾಡಿ, ಮೂರನೇ ಸಲ ಸುಮ್ನೆ ಬಿಡಿ. ಬೇರೆ ವೇಳೆಯಲ್ಲಿ ಹೀಗೆ ಆಫ್ ಮಾಡಬಾರದು, ಇಲ್ಲಿ ಮಾತ್ರ ಬೇರೆ ದಾರಿಯಿಲ್ಲ. ಬಂದ ಮೆನುವಿನಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಅಂತ ಹೋಗಿ 4 ಒತ್ತಿದರೆ ಸೇಫ್ ಮೋಡ್. ಇದನ್ನೆಲ್ಲ ಮಾಡುವಾಗ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಅಂತ ಬಂದು 48 ಅಂಕಿಯ ಕೀ ಕೇಳಿದರೆ ಹೆದರಬೇಡಿ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಮೊಬೈಲಿನಿಂದ ಲಾಗಿನ್ ಆದರೆ ಸಾಮಾನ್ಯವಾಗಿ ಆ ಕೀ ಅಲ್ಲೇ ಇರುತ್ತದೆ.

ಸೇಫ್ ಮೋಡಿನಲ್ಲಿ ತೀರಾ ಬೇಕಾದ ಡ್ರೈವರ್‌ಗಳಷ್ಟೇ (ಒಳಗಿನ ಭಾಗಗಳನ್ನು ನಡೆಸುವ ಪುಟ್ಟ ಸಾಫ್ಟ್‌ವೇರ್‌ಗಳು) ಓಡುತ್ತವೆ. ಇಲ್ಲಿ ಚೆನ್ನಾಗಿ ಆನ್ ಆದರೆ ತಪ್ಪು ಹೆಚ್ಚಾಗಿ ಯಾವುದೋ ಡ್ರೈವರಿನದೋ ಸಾಫ್ಟ್‌ವೇರಿನದೋ ಆಗಿರುತ್ತದೆ. 2024ರ ಜುಲೈ 19 ನೆನಪಿದೆಯಲ್ವಾ? ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಸಾಫ್ಟ್‌ವೇರ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಸ್ಕ್ರೀನಿಗೆ ಬಂದು ಕೂತವು, ನಮ್ಮ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಅಷ್ಟು ದೊಡ್ಡ ಗಲಾಟೆಗೂ ಮದ್ದು ಇದೇ ಆಗಿತ್ತು, ಸೇಫ್ ಮೋಡಿಗೆ ಹೋಗಿ ಆ ಕೆಟ್ಟ ಫೈಲನ್ನು ಅಳಿಸುವುದು. ಯಾರೂ ಫಾರ್ಮ್ಯಾಟ್ ಹೊಡೆಯಬೇಕಾಗಿರಲಿಲ್ಲ. ನೀವೂ ಇತ್ತೀಚೆಗೆ ಹಾಕಿದ್ದನ್ನು ನೆನಪಿಸಿಕೊಂಡು ತೆಗೆಯಿರಿ. ಎರಡೆರಡು ಆಂಟಿವೈರಸ್ ಇದ್ದರೆ ಒಂದನ್ನು ಕಳಿಸಿ. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ವಿಂಡೋಸ್ ಅಪ್‌ಡೇಟ್ ಆದ ಮರುದಿನದಿಂದಲೇ ಕಾಟ ಶುರುವಾಗಿದ್ದರೆ ರಿಪೇರಿ ಮೆನುವಿನಲ್ಲೇ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಇದೆ, ವಿಂಡೋಸನ್ನು ಹಿಂದಿನ ಸ್ಥಿತಿಗೆ ಒಯ್ಯುವ ಸಿಸ್ಟಮ್ ರಿಸ್ಟೋರ್ ಕೂಡ ಇದೆ.

ಫಾಸ್ಟ್ ಸ್ಟಾರ್ಟ್‌ಅಪ್ ಅನ್ನೋದನ್ನೂ ಆಫ್ ಮಾಡಿ ನೋಡಿ. ಇದು ಆನ್ ಇದ್ದರೆ ಶಟ್ ಡೌನ್ ಅಂದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಹಾಗಾಗಿ ನಿನ್ನೆ ಕೆಟ್ಟಿದ್ದ ಡ್ರೈವರ್ ಇವತ್ತೂ ಹಾಗೇ ಏಳುತ್ತದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್ ಏನು ಮಾಡಬೇಕು ಅನ್ನುವ ಸಾಲು, ಅಲ್ಲಿ ಟಿಕ್ ತೆಗೆದರಾಯಿತು. ಕೆಲವು ಸೆಕೆಂಡು ನಿಧಾನವಾಗಬಹುದು, ಪರವಾಗಿಲ್ಲ.

ಸೇಫ್ ಮೋಡೂ ಬರದಿದ್ದರೆ ಯಾವ ಪ್ರಯೋಗಕ್ಕೂ ಮುಂಚೆ ಫೈಲು ಉಳಿಸಿಕೊಳ್ಳಿ. ಇದಕ್ಕೊಂದು ಚೆಂದದ ದಾರಿ ಇದೆ. ಅದೇ ರಿಪೇರಿ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡಿನಲ್ಲಿ ಫೈಲ್, ಓಪನ್ ಒತ್ತಿದರೆ ಒಂದು ಕಿಟಕಿ ತೆರೆಯುತ್ತದೆ, ಕೆಳಗೆ ಆಲ್ ಫೈಲ್ಸ್ ಅಂತ ಆರಿಸಿದರೆ ನಿಮ್ಮ ಫೋಲ್ಡರ್‌ಗಳೆಲ್ಲ ಕಾಣುತ್ತವೆ. ಬೇಕಾದ್ದನ್ನು ರೈಟ್ ಕ್ಲಿಕ್ ಮಾಡಿ ಕಾಪಿ ಮಾಡಿ, ಪೆನ್ ಡ್ರೈವಿಗೆ ಹೋಗಿ ಪೇಸ್ಟ್ ಮಾಡಿ. ಇಲ್ಲಿ ಡ್ರೈವಿನ ಅಕ್ಷರಗಳು ಅದಲುಬದಲಾಗಿರಬಹುದು, ಸಿ ಅನ್ನುವುದು ಡಿ ಆಗಿರಬಹುದು, ಗಾಬರಿ ಬೇಡ.

ಡಿಸ್ಕಿನಿಂದ 'ಕಟ ಕಟ' ಸದ್ದು ಬರುತ್ತಿದ್ದರೆ, ಕಾಪಿ ಮಾಡುವಾಗ ಮಧ್ಯೆ ಮಧ್ಯೆ ನಿಲ್ಲುತ್ತಿದ್ದರೆ ಚೆಕ್ ಡಿಸ್ಕ್ ಅನ್ನುವ ವಿಂಡೋಸ್‌ನ ಡಿಸ್ಕ್ ಪರೀಕ್ಷೆಯನ್ನು ಓಡಿಸಬೇಡಿ. ಅದು ಡಿಸ್ಕಿನ ಮೂಲೆಮೂಲೆ ಓದಿಸಬಹುದು, ಸಾಯುವ ಡಿಸ್ಕಿಗೆ ಅಷ್ಟೇ ಸಾಕು ಪೂರ್ತಿ ಹೋಗಲು. ಸದ್ದಿಲ್ಲದ ಡಿಸ್ಕ್ ಆದರೆ, ಫೈಲು ಉಳಿಸಿಕೊಂಡ ಮೇಲೆ ಧಾರಾಳವಾಗಿ ಓಡಿಸಿ.

ಲಾಗಿನ್ ಆದ ಮೇಲೆ ನಿಂತರೆ

ಇದು ಸುಲಭದ್ದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಸ್ಟಾರ್ಟ್‌ಅಪ್ ಆಪ್ಸ್‌ನಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿ. ಡಿಸ್ಕ್ ಅನ್ನುವ ಕಾಲಮ್ಮು ತುಂಬಾ ಹೊತ್ತು 100ರಲ್ಲೇ ನಿಂತಿದ್ದರೆ, ಒಳಗಿರುವುದು ಹಳೇ ತಿರುಗುವ ಹಾರ್ಡ್ ಡಿಸ್ಕ್ ಆದರೆ, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ. ರ‍್ಯಾಮ್ ಜಾಸ್ತಿ ಮಾಡಿಸುವುದಕ್ಕಿಂತ ಮೊದಲು ಇದಕ್ಕೇ ದುಡ್ಡು ಹಾಕಿ ಅನ್ನುವುದು ನನ್ನ ಅಭಿಪ್ರಾಯ.

ಇಷ್ಟಕ್ಕೂ ಬಗ್ಗದಿದ್ದರೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಡಬ್ಬ) ಅಥವಾ ಮದರ್‌ಬೋರ್ಡ್ ತೊಂದರೆ ಇರಬಹುದು. ಬೋರ್ಡಿನ ಮೇಲಿನ ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಅನುಮಾನವೇ ಇಲ್ಲ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ನೀವಾಗಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ. ಅಂಗಡಿಗೆ ಕೊಡುವಾಗ ಎಲ್ಲಿ ನಿಲ್ಲುತ್ತದೆ, ಏನೇನು ಮಾಡಿ ನೋಡಿದ್ದೀರಿ ಅಂತ ಚೀಟಿ ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿ, ಫಾರ್ಮ್ಯಾಟ್ ಮಾಡುವ ಮುಂಚೆ ಫೋನ್ ಮಾಡಿ ಅಂತಲೂ ಬರೆಯಿರಿ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ವಾಪಸ್ ತಗೊಳ್ಳಿ, ಅದರಲ್ಲಿ ನಿಮ್ಮ ಬ್ಯಾಂಕಿನ ಕಾಗದಪತ್ರ, ಆಧಾರ್ ಸ್ಕ್ಯಾನ್ ಎಲ್ಲ ಇರುತ್ತದೆ.