ಅತಿಥಿಗಳನ್ನು ಕರೆಯುವ ಮೊದಲು ಬಾವಿ ಅಳೆಯಿರಿ

ಅಕ್ಟೋಬರ್ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಹಳ್ಳಿಗಳಲ್ಲಿ ಒಂದೇ ಮಾತು: ‘ನಾವೂ ಒಂದು ಹೋಂಸ್ಟೇ ಮಾಡೋಣ ಅಂತಿದ್ದೇವೆ.’ ಮಳೆ ಆಗಷ್ಟೇ ಹಿಂದೆ ಸರಿದಿರುತ್ತದೆ. ಅಘನಾಶಿನಿ ತುಂಬಿ ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕುತ್ತಿರುತ್ತಾಳೆ. ಮನೆಯ ಬಾವಿಗೆ ಬಗ್ಗಿದರೆ ನೀರು ಕೈಗೆ ಸಿಗುವಂತಿರುತ್ತದೆ. ಆ ನೀರು ನೋಡಿಕೊಂಡು ಜನ ಸಾಲ ಮಾಡಿ ಎಂಟು ಕೋಣೆ ಕಟ್ಟುತ್ತಾರೆ. ಏಪ್ರಿಲ್‌ನಲ್ಲಿ ಟ್ಯಾಂಕರ್‌ನವರಿಗೆ ಫೋನ್ ಮಾಡುತ್ತಾರೆ.

ಉತ್ತರ ಕನ್ನಡದ ಘಟ್ಟದ ಮೇಲೆ ಹೀಗೆ ಶುರುವಾಗಿ ಸೋತ ಮನೆಗಳನ್ನು ಕಣ್ಣಾರೆ ಕಂಡಿದ್ದೇನೆ. ಯಾಣದ ಬಂಡೆ, ಬನವಾಸಿಯ ಮಧುಕೇಶ್ವರ, ಸೋಂದೆಯ ಮಠಗಳು, ಶಾಲ್ಮಲೆಯ ಸಹಸ್ರಲಿಂಗ, ಯಕ್ಷಗಾನ, ಅಪ್ಪೆಮಿಡಿ. ನೋಡಿಸುವುದಕ್ಕೆ, ಉಣಿಸುವುದಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ತಪ್ಪುವುದು ನೀರಿನ ಲೆಕ್ಕ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಹೆಜ್ಜೆ 1: ಏಪ್ರಿಲ್ ಕೊನೆಯ ವಾರ ಬಾವಿ ಅಳೆಯುವುದು

ಈ ಕೆಲಸ ಮುಗಿಯುವ ತನಕ ಇಟ್ಟಿಗೆ ತರಿಸಬೇಡಿ, ಬ್ಯಾಂಕಿಗೂ ಹೋಗಬೇಡಿ. ಅಡ್ಡಮಳೆ (ಮುಂಗಾರಿಗೆ ಮೊದಲಿನ ಬೇಸಿಗೆ ಮಳೆ) ಬೇಗ ಬಿದ್ದ ವರ್ಷವಾದರೆ ಆ ಅಳತೆ ನಂಬಬೇಡಿ. ಮುಂದಿನ ಬೇಸಿಗೆಯ ತನಕ ಕಾಯಿರಿ. ಒಂದು ವರ್ಷ ತಡವಾದರೆ ಏನೂ ಹಾಳಾಗುವುದಿಲ್ಲ.

ಬೇಕಾಗುವುದು ಒಂದು ನೈಲಾನ್ ಹಗ್ಗ, ತುದಿಗೆ ಕಟ್ಟಲು ಒಂದು ಕಲ್ಲು. ತೆಂಗಿನ ನಾರಿನ ಹಗ್ಗ ಬೇಡ, ಅದು ನೀರು ಕುಡಿದು ಅಳತೆ ಕೆಡಿಸುತ್ತದೆ. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ. ಐದನೇ ಗಂಟು, ಹತ್ತನೇ ಗಂಟಿಗೆ ಬಣ್ಣದ ಬಟ್ಟೆ ಚೂರು ಕಟ್ಟಿ.

ಬೆಳಿಗ್ಗೆ ಯಾರೂ ನೀರು ಸೇದುವ ಮೊದಲು ಕಲ್ಲು ಇಳಿಬಿಡಿ. ತಳದವರೆಗೆ ಎಷ್ಟು ಗಂಟು ನೆನೆದಿದೆ ನೋಡಿ. ಅದು ನಿಂತ ನೀರು. ಎಲ್ಲರೂ ಇಷ್ಟಕ್ಕೇ ನಿಲ್ಲಿಸುತ್ತಾರೆ. ತಪ್ಪಾಗುವುದೂ ಇಲ್ಲೇ. ನಿಂತ ನೀರು ಎಂದರೆ ನಿನ್ನೆ, ಮೊನ್ನೆ ಬಂದ ನೀರು. ನಿಮಗೆ ಬೇಕಿರುವುದು ದಿನಕ್ಕೆ ಎಷ್ಟು ಹೊಸ ನೀರು ಒರತೆಯಿಂದ ಬರುತ್ತದೆ ಎನ್ನುವ ಲೆಕ್ಕ.

ಅದಕ್ಕೆ ಪಂಪ್ ಹಾಕಿ ಮೂರು ನಾಲ್ಕು ಅಡಿ ಇಳಿಸಿ. ಬಾವಿ ಬರಿದು ಮಾಡಬೇಡಿ, ಕೆಸರು ಕಲಕಿ ಒರತೆಯ ಬಾಯಿ ಕಟ್ಟಿಕೊಳ್ಳುತ್ತದೆ. ಪಂಪ್ ನಿಲ್ಲಿಸಿದ ಗಂಟೆ ಬರೆದಿಡಿ, ನೀರಿನ ಮಟ್ಟವನ್ನೂ ಬರೆದಿಡಿ. ಮರುದಿನ ಅದೇ ಹೊತ್ತಿನ ತನಕ ಒಂದು ಕೊಡ ನೀರನ್ನೂ ಸೇದಬೇಡಿ. ಮನೆಗೆ ಬೇಕಾದದ್ದನ್ನು ಮೊದಲೇ ತುಂಬಿಟ್ಟುಕೊಳ್ಳಿ. 24 ಗಂಟೆ ಕಳೆದ ಮೇಲೆ ಮತ್ತೆ ಕಲ್ಲು ಇಳಿಸಿ. ಎಷ್ಟು ಅಡಿ ಏರಿದೆಯೋ ಅದೇ ನಿಮ್ಮ ದಿನದ ದುಡಿಮೆ. ಮೂರು ಸಲ ಹೀಗೆ ಮಾಡಿ, ಮೂರರಲ್ಲಿ ಕಡಿಮೆ ಬಂದದ್ದನ್ನು ಹಿಡಿಯಿರಿ. ಸರಾಸರಿ ತೆಗೆಯಬೇಡಿ. ಕೊಳಾಯಿಯಲ್ಲಿ ಸರಾಸರಿ ನೀರು ಬರುವುದಿಲ್ಲ ಅಲ್ವಾ?

ಇನ್ನು ಅಡಿಯನ್ನು ಲೀಟರ್ ಮಾಡುವುದು. ದುಂಡು ಬಾವಿಯಾದರೆ ಅದರ ಅಗಲವನ್ನು ಅಡಿಯಲ್ಲಿ ಅಳೆದು, ಅಗಲದಿಂದಲೇ ಗುಣಿಸಿ. ಬಂದದ್ದನ್ನು 22ರಿಂದ ಗುಣಿಸಿ. ಒಂದು ಅಡಿ ನೀರಿಗೆ ಎಷ್ಟು ಲೀಟರ್ ಎಂಬುದು ಹೆಚ್ಚೂಕಡಿಮೆ ಸಿಗುತ್ತದೆ. 8 ಅಡಿ ಅಗಲದ ಬಾವಿಗೆ ಇದು 1,400 ಲೀಟರ್. ದಿನಕ್ಕೆ 3 ಅಡಿ ಏರಿದರೆ 4,200 ಲೀಟರ್.

ಇದರಲ್ಲಿ ಅರ್ಧ ಮುಟ್ಟಬೇಡಿ. ಅಡ್ಡಮಳೆ ಕೈಕೊಡುವ ವರ್ಷ ಇರುತ್ತದೆ. ಪಕ್ಕದ ಮನೆಯ ಬಾವಿಗೂ ಅದೇ ಗುಡ್ಡದ ನೀರು ಹೋಗಬೇಕು. ಉಳಿದದ್ದು 2,100. ಮನೆಯಲ್ಲಿ ಐದು ಜನ, ಎರಡು ಹಸು ಎಂದರೆ 650 ಲೀಟರ್ ಹೋಯಿತು. ಉಳಿಯಿತು 1,450. ಸ್ನಾನ, ಶೌಚಾಲಯ, ಪಾತ್ರೆ, ಹಾಸಿಗೆ ಬಟ್ಟೆ ಒಗೆಯುವುದು ಎಲ್ಲ ಸೇರಿ ಒಬ್ಬ ಅತಿಥಿಗೆ ದಿನಕ್ಕೆ 200 ಲೀಟರ್ ಹಿಡಿಯಿರಿ. ಏಳು ಜನ. ಅಂದರೆ ಮೂರು ಕೋಣೆ. ಎಂಟಲ್ಲ, ಮೂರು.

ಅಡಿಕೆ ತೋಟದ ಸ್ಪ್ರಿಂಕ್ಲರ್‌ಗೂ ಅದೇ ಬಾವಿಯಾದರೆ ಅದನ್ನೂ ಕಳೆಯಿರಿ. ಕೊನೆಗೆ ಸೊನ್ನೆ ಉಳಿದರೆ ಬೇಸರ ಬೇಡ. ರಾತ್ರಿ ಉಳಿಸಿಕೊಳ್ಳಬೇಡಿ, ಮಧ್ಯಾಹ್ನದ ಊಟಕ್ಕೆ ಕರೆಯಿರಿ. ತೋಟ ಸುತ್ತಿಸಿ, ತಂಬುಳಿ, ಅಪ್ಪೆಹುಳಿ ಬಡಿಸಿ ಸಂಜೆ ಕಳಿಸಿಕೊಡಿ. ಸ್ನಾನ, ಹಾಸಿಗೆ ಇಲ್ಲದಿದ್ದರೆ ನೀರಿನ ಖರ್ಚು ತೀರಾ ಕಡಿಮೆ. ಆಲೆಮನೆ ನಡೆಯುವ ದಿನಗಳಲ್ಲಿ ಬಿಸಿ ತೊಡೆದೇವು ಹಾಕಿಕೊಟ್ಟು ನೋಡಿ, ಕೋಣೆ ಇಲ್ಲದಿದ್ದರೂ ಜನ ಹುಡುಕಿಕೊಂಡು ಬರುತ್ತಾರೆ.

‘ಬೋರ್‌ವೆಲ್ ತೆಗೆಸಿದರೆ ಮುಗೀತಲ್ಲ’ ಎನ್ನುವವರು ಇಲ್ಲಿ ಬಂದೇ ಬರುತ್ತಾರೆ. ದಯವಿಟ್ಟು ಬೇಡ. ನಿಮ್ಮ ಬೋರ್‌ವೆಲ್ ಎಳೆಯುವುದು ಕೆಳಗಿನ ಕೇರಿಯ ನೀರನ್ನೂ ಹೌದು. ಕಡಿದಾದ ಗುಡ್ಡದ ನೆತ್ತಿಯಲ್ಲಿ ಸಾಲಾಗಿ ಇಂಗುಗುಂಡಿ ತೋಡಿಸುವ ಉತ್ಸಾಹವೂ ಬೇಡ. ನೀರು ಕುಡಿದ ಇಳಿಜಾರು ಜಾರಬಹುದು; 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ಜಾರಿತ್ತು. ಇಳಿಜಾರು ಕಡಿಮೆ ಇರುವ ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ತರಗೆಲೆ ಗುಡಿಸದೆ ಬಿಟ್ಟರೂ ಸಾಕು, ನೀರು ತಾನಾಗಿ ಇಂಗುತ್ತದೆ. ಈಜುಕೊಳ, ರೇನ್ ಡ್ಯಾನ್ಸ್ ಬಗ್ಗೆ ನನ್ನನ್ನು ಕೇಳಲೇಬೇಡಿ. ಹೊಳೆ ಹರಿಯುವ ಊರಿನಲ್ಲಿ ಪೈಪಿನಲ್ಲಿ ಮಳೆ ಸುರಿಸುವುದು ನೀರಿಗೆ ಮಾಡುವ ಅವಮಾನ.

ಹೆಜ್ಜೆ 2: ಬಂದ ನೀರು ಹೋಗುವುದೆಲ್ಲಿಗೆ?

ನಮ್ಮದು ಜಂಬಿಟ್ಟಿಗೆ ಕಲ್ಲಿನ ನೆಲ. ತುಂಬಾ ತೂತು. ಶೌಚದ ಗುಂಡಿಯ ನೀರು ಇದರಲ್ಲಿ ಸರಸರ ಇಳಿದು ಯಾರ ಬಾವಿಗೆ ಸೇರುತ್ತದೋ ಹೇಳಲಾಗದು.

ನಮ್ಮ ಹತ್ತಿರದ ಒಂದು ಊರಿನಲ್ಲಿ ಹೊಸ ಕೋಣೆಗಳ ಹಿಂದೆಯೇ ಗುಂಡಿ ತೆಗೆಸಿದರು. ಕೆಳಗೆ ಇಪ್ಪತ್ತು ಹೆಜ್ಜೆಯಲ್ಲಿ ಇನ್ನೊಬ್ಬರ ಬಾವಿ. ಮರುವರ್ಷ ಆ ಮನೆಯ ಅಜ್ಜಿ ನೀರು ಒಂಥರಾ ವಾಸನೆ ಬರುತ್ತಿದೆ ಎಂದರು. ಪಟ್ಟಿ ಇರುವ ಸಣ್ಣ ಪರೀಕ್ಷೆ ಬಾಟಲಿ ತಂದು ಅವರ ಅಡುಗೆಮನೆಯ ಕಟ್ಟೆ ಮೇಲೆ ನೀರು ತುಂಬಿಸಿಟ್ಟೆವು. ಸಂಜೆ ತಿಳಿಯಾಗಿಯೇ ಇತ್ತು. ಬೆಳಿಗ್ಗೆ ನೋಡಿದರೆ ಬಾಟಲಿಯ ನೀರು ಇದ್ದಲು ಕರಗಿಸಿದ ಹಾಗೆ ಕಪ್ಪು. ಅಂದರೆ ಮಲದ ರೋಗಾಣು ಸೇರಿರಬಹುದು ಎಂದರ್ಥ. ಅಜ್ಜಿ ಏನೂ ಮಾತಾಡಲಿಲ್ಲ. ಬಾವಿಯ ರಾಟೆಯಿಂದ ಹಗ್ಗ ಬಿಚ್ಚಿ ಸುತ್ತಿ ಒಳಗಿಟ್ಟರು. ಅದನ್ನು ನಾನು ಮರೆತಿಲ್ಲ.

ಅದಕ್ಕೇ ಹೇಳುತ್ತೇನೆ. ಗುಂಡಿಗೂ ಬಾವಿಗೂ ನಡುವೆ 10 ಮೀಟರ್ ಇದ್ದರೆ ಸಾಕು ಎಂದು ಮೇಸ್ತ್ರಿಗಳು ಹೇಳುತ್ತಾರೆ. ಜಂಬಿಟ್ಟಿಗೆ ನೆಲಕ್ಕೆ ಅದು ಸಾಲದು, ನೀವು 30 ಮೀಟರ್ ಬಿಡಿ. ನಿಮ್ಮ ಬಾವಿಯೊಂದೇ ಅಲ್ಲ, ಅಕ್ಕಪಕ್ಕದ ಎಲ್ಲ ಬಾವಿಗಳಿಂದಲೂ. ಗುಂಡಿ ಯಾವತ್ತೂ ಬಾವಿಗಿಂತ ಕೆಳಗಿರಲಿ. ಮಳೆಗಾಲದಲ್ಲಿ ನೆಲದ ನೀರು ಮೇಲೆ ಬರದ ಜಾಗವಾದರೆ ಎರಡು ಗುಂಡಿ ಪದ್ಧತಿ ಒಳ್ಳೆಯದು. ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿದರಾಯಿತು. ಎರಡು ವರ್ಷ ಮುಚ್ಚಿಟ್ಟರೆ ಮೊದಲನೆಯದು ಗೊಬ್ಬರವಾಗುತ್ತದೆ. ಜುಲೈನಲ್ಲಿ ಒರತೆ ಏಳುವ ಜಾಗವಾದರೆ ಗಟ್ಟಿ ತಳದ ಸೆಪ್ಟಿಕ್ ಟ್ಯಾಂಕ್ ಕಟ್ಟಿ, ಅದರಿಂದ ಹೊರಬರುವ ನೀರನ್ನು ದೂರದ ಬಾಳೆ, ಕೆಸುವಿನ ಪಾತಿಗೆ ನೆಲದೊಳಗಿಂದಲೇ ಬಿಡಿ. ಬಚ್ಚಲ ನೀರಿಗೆ ಬೇರೆ ಪೈಪ್, ಅದು ತೆಂಗಿನ ಬುಡಕ್ಕೆ.

‘ಈ ಪುಡಿ ಹಾಕಿ, ಗುಂಡಿ ಹತ್ತು ವರ್ಷ ತುಂಬಲ್ಲ’ ಎಂದು ಮಾರುವ ಪೊಟ್ಟಣಗಳನ್ನು ಕೊಳ್ಳಬೇಡಿ, ಸುಮ್ನೆ ದುಡ್ಡು ದಂಡ. ಘಾಟು ಆ್ಯಸಿಡ್ ಹಾಕಿ ಶೌಚಾಲಯ ತೊಳೆಯಲೂ ಬೇಡಿ, ಗುಂಡಿಯೊಳಗೆ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಫ್ಲಶ್ ಕೊಳ್ಳುವಾಗ 3 ಮತ್ತು 6 ಲೀಟರ್‌ನ ಎರಡು ಬಟನ್ ಇರುವುದನ್ನೇ ಕೇಳಿ. ನೀರು ಪರೀಕ್ಷೆಯ ಕಿಟ್ ಗ್ರಾಮ ಪಂಚಾಯಿತಿಯಲ್ಲಿ ಇರುತ್ತದೆ. ಮಳೆ ಶುರುವಾದ ಮೇಲೆ ಒಮ್ಮೆ, ಜನವರಿಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ನಿಮ್ಮದಲ್ಲ, ಕೆಳಗಿನ ಮನೆಯ ಬಾವಿಯದು ಮೊದಲು.

ಹೆಜ್ಜೆ 3: ಕೋಣೆ

ಸ್ವಚ್ಛ ಹಾಸಿಗೆ, ಸೊಳ್ಳೆ ಪರದೆ, ಹಂಡೆಯ ಬಿಸಿನೀರು. ಎಸಿ ಬೇಡ. ಹೆಂಚಿನ ಮನೆಯಿದ್ದರೆ ಅದರಲ್ಲೇ ಮಾಡಿ, ಹೊಸದಾಗಿ ಕಾಂಕ್ರೀಟ್ ಕಟ್ಟಬೇಡಿ.

ಹೆಜ್ಜೆ 4: ಕಾಗದಪತ್ರ

ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ, ಪಂಚಾಯಿತಿ ಪರವಾನಗಿ, ಊಟಕ್ಕೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಮಾಹಿತಿ. ಕೇಂದ್ರ ಸರ್ಕಾರದ ಯೋಜನೆಯಲ್ಲೂ ಹೋಂಸ್ಟೇ ಎಂದರೆ ಮನೆಯವರು ವಾಸವಿರುವ ಮನೆ, ಹೆಚ್ಚೆಂದರೆ 6 ಕೋಣೆ. ಬೆಂಗಳೂರಿನಲ್ಲಿ ಕುಳಿತು ಇಲ್ಲಿ ಕೆಲಸದವರನ್ನು ಇಟ್ಟು ನಡೆಸುವುದಕ್ಕೆ ಆ ಹೆಸರು ಹಾಕಿಕೊಳ್ಳಬಾರದು.

ಹೆಜ್ಜೆ 5: ಏನು ತೋರಿಸಬೇಕು, ಏನು ತೋರಿಸಬಾರದು

ಊರವರನ್ನು ಕೂರಿಸಿ ಎರಡು ಪಟ್ಟಿ ಮಾಡಿ. ತೋರಿಸುವ ಪಟ್ಟಿ ಎಲ್ಲರಿಗೂ ಬಾಯಿಪಾಠ. ಎರಡನೆಯದಕ್ಕೆ ಯೋಚನೆ ಬೇಕು. ದೇವರಕಾಡು ಅದರಲ್ಲಿ ಮೊದಲು ಬರಲಿ. ಸಿದ್ದಾಪುರದ ಕತ್ತಲೆಕಾನಿನಲ್ಲಿರುವಂಥ ರಾಮಪತ್ರೆ ಜಡ್ಡಿಗಳು (ಕಾಡಿನೊಳಗಿನ ಜೌಗು) ಆಮೇಲೆ. ಆ ಮರಗಳು ಉಸಿರಾಡಲೆಂದು ಬೇರುಗಳನ್ನು ಮಂಡಿಯ ಹಾಗೆ ಮಡಚಿ ಕೆಸರಿನಿಂದ ಮೇಲಕ್ಕೆ ಎತ್ತಿರುತ್ತವೆ. ಹತ್ತು ಜನ ಬೂಟು ಹಾಕಿ ನಡೆದರೆ ಆ ಬೇರು ಮುರಿಯುತ್ತದೆ. ಸಿಂಗಳೀಕಗಳಿರುವ ಕಾಡಿಗೆ ಗುಂಪು ಕರೆದೊಯ್ಯಬೇಡಿ, ಯಾವ ಮಂಗಕ್ಕೂ ತಿಂಡಿ ಹಾಕಲು ಬಿಡಬೇಡಿ. ಹೆಸರಿಲ್ಲದ ಸಣ್ಣ ಅಬ್ಬಿಗಳನ್ನು ಮ್ಯಾಪ್‌ನಲ್ಲಿ ಗುರುತು ಹಾಕಲೂಬೇಡಿ. ಒಮ್ಮೆ ಗುರುತು ಬಿದ್ದರೆ ಅಳಿಸಲು ನಿಮ್ಮ ಕೈಯಲ್ಲಿ ಆಗುವುದಿಲ್ಲ. ಮುಂದಿನ ಭಾನುವಾರವೇ ಬಿಯರ್ ಬಾಟಲಿ ಬಂದು ಬಿದ್ದಿರುತ್ತವೆ.

ಮಂಗನ ಕಾಯಿಲೆಯನ್ನು ಮುಚ್ಚಿಡಬೇಡಿ. ಬೇಸಿಗೆಯಲ್ಲಿ ಅದನ್ನು ಹರಡುವ ಉಣುಗಿನ (ಉಣ್ಣೆಹುಳದ) ಕಾಟ ಇರುತ್ತದೆ. ಸುತ್ತಮುತ್ತ ಮಂಗ ಸತ್ತ ಸುದ್ದಿ ಬಂದರೆ ಕಾಡಿನ ಸುತ್ತಾಟ ಅಂದೇ ನಿಲ್ಲಿಸಿ, ಆರೋಗ್ಯ ಇಲಾಖೆಗೆ ತಿಳಿಸಿ. ಬುಕ್ಕಿಂಗ್ ರದ್ದಾಗುತ್ತದೆ, ಆಗಲಿ.

ಹೆಜ್ಜೆ 6: ಕಲೆ, ಕಲಾವಿದರು

ಇಲ್ಲಿ ನನ್ನ ಮಾತು ಸ್ವಲ್ಪ ಖಾರ ಅನ್ನಿಸಬಹುದು. ಸಿದ್ದಿ ಜನರನ್ನು ಜೀಪಿನಲ್ಲಿ ಕರೆತಂದು ಊಟದ ಹೊತ್ತಿಗೆ ಕುಣಿಸಿ, ಕೈಗಿಷ್ಟು ಕೊಟ್ಟು ಕಳಿಸುವುದನ್ನು ನೋಡಿದ್ದೇನೆ. ಹೀಗೆ ಮಾಡಬೇಡಿ. ಯಾವಾಗ, ಎಲ್ಲಿ, ಎಷ್ಟಕ್ಕೆ ಎಂದು ಅವರೇ ಹೇಳಲಿ. ಬೇಡ ಎಂದರೆ ಬೇಡ. ಯಕ್ಷಗಾನವನ್ನು ಹತ್ತು ನಿಮಿಷದ ಕುಣಿತ ಮಾಡಿ ಅಂಗಳಕ್ಕೆ ತರಿಸುವ ಬದಲು, ಪಕ್ಕದ ಊರಿನಲ್ಲಿ ಆಟ ಇರುವ ರಾತ್ರಿ ಅತಿಥಿಗಳನ್ನೇ ಅಲ್ಲಿಗೆ ಕರೆದೊಯ್ಯಿರಿ. ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ದೂರ ನಿಂತು ನೋಡಲಿ.

ಗೋಡೆಗೆ ಹಸೆ ಚಿತ್ತಾರ ಬೇಕೇ? ದೀವರ ಮನೆಯ ಹೆಂಗಸರನ್ನು ಕೇಳಿ, ದಿನದ ಕೂಲಿಯಲ್ಲ, ಕಲಾವಿದರ ಸಂಭಾವನೆ ಕೊಡಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಗುರಿಗೆ ಕಾಯಿಯ ಹಳದಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಒಂದೊಂದು ಎಳೆ ಎಳೆಯುವಾಗಲೂ ಅವರು ಉಸಿರು ಬಿಗಿಹಿಡಿದಿರುತ್ತಾರೆ. ಅಂಗಡಿಯಲ್ಲಿ ಸಿಗುವ ಚಿತ್ತಾರದ ಸ್ಟಿಕ್ಕರ್ ಅಂಟಿಸುವುದಾದರೆ ಗೋಡೆ ಖಾಲಿಯೇ ಇರಲಿ.

ಹೆಜ್ಜೆ 7: ದುಡ್ಡು, ಕಸ

ಬಂದದ್ದರಲ್ಲಿ ನೂರಕ್ಕೆ ಐದು ಊರಿನ ಪೆಟ್ಟಿಗೆಗೆ ಎಂದು ಮೊದಲ ದಿನವೇ ಬರೆದಿಡಿ. ಅದರಿಂದ ಕೆರೆ ಹೂಳು ತೆಗೆಸಬಹುದು, ಕಸ ಸಾಗಿಸಬಹುದು. ಅಕ್ಕಿ, ಹಾಲು, ಜೇನು, ಹಪ್ಪಳ ಊರಲ್ಲೇ ಕೊಳ್ಳಿ. ಜೋಯಿಡಾದ ಕುಣಬಿಗಳ ಗೆಡ್ಡೆ ಗೆಣಸು ಸಿಕ್ಕರೆ ಬಿಡಬೇಡಿ.

ತಟ್ಟೆ ಅಡಿಕೆ ಹಾಳೆಯದು, ನೀರು ಚೊಂಬಿನಲ್ಲಿ. ಪೇಪರ್ ಕಪ್ ಕಾಗದದ್ದು ಎಂದು ಮೋಸಹೋಗಬೇಡಿ, ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. ತಂದ ಪೊಟ್ಟಣ, ಬಾಟಲಿಗಳನ್ನು ಅತಿಥಿಗಳೇ ವಾಪಸ್ ಒಯ್ಯಬೇಕು ಎಂದು ಬುಕ್ಕಿಂಗ್ ಹೊತ್ತಿಗೇ ಹೇಳಿ. ಅಂಗಳಕ್ಕೆ ಬಂದ ಮೇಲೆ ಹೇಳಿದರೆ ಮುಖ ಸಣ್ಣಗಾಗುತ್ತದೆ.

ಹೆಜ್ಜೆ 8: ಬಾಗಿಲು ಹಾಕುವುದು

ಜೂನ್ ಎರಡನೇ ವಾರದಿಂದ ಆಗಸ್ಟ್ ಕೊನೆಯ ತನಕ ಮುಚ್ಚಿ. ಮಳೆಗಾಲಕ್ಕೇ ಜಾಸ್ತಿ ಬೇಡಿಕೆ, ಗೊತ್ತು. ಆದರೆ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯೇ ಮುಚ್ಚಿಹೋಗಿತ್ತು. ಘಟ್ಟದ ರಸ್ತೆಯಲ್ಲಿ ರಾತ್ರಿ ಕಾರು ಓಡಿಸಿಕೊಂಡು ಬರುವವರ ಜೀವಕ್ಕೆ ನೀವು ಹೊಣೆಯಾಗಲು ಆಗುವುದಿಲ್ಲ. ಹೊಳೆಯ ಬಂಡೆ ಮೇಲೆ ಸೆಲ್ಫಿಗೆ ನಿಲ್ಲುವವರನ್ನು ಎಳೆದು ತರಲೂ ಆಗುವುದಿಲ್ಲ. ಆ ಎರಡೂವರೆ ತಿಂಗಳು ಮನೆಯವರಿಗೂ ಉಸಿರಾಡಲು ಬಿಡುವು ಬೇಕು. ಅಡುಗೆ ಮಾಡುವ ಹೆಂಗಸರನ್ನು ಕೇಳಿ ನೋಡಿ, ಹೌದು ಎನ್ನುತ್ತಾರೆ.

ಗಂಟು ಹಾಕಿದ ಆ ಹಗ್ಗವನ್ನು ಬಿಸಾಡಬೇಡಿ. ಬಚ್ಚಲು ಮನೆಯ ಗೂಟಕ್ಕೆ ನೇತುಹಾಕಿ, ಪಕ್ಕದಲ್ಲಿ ಗೋಡೆ ಮೇಲೆ ತಾರೀಕು, ಅಡಿ ಬರೆದಿಡಿ. ಪ್ರತಿ ಏಪ್ರಿಲ್‌ಗೆ ಒಂದು ಸಾಲು. ಮೂರು ಅಡಿ ಇದ್ದದ್ದು ಎರಡಕ್ಕೆ ಬಂದ ವರ್ಷ ಲೆಕ್ಕ ಮತ್ತೆ ಹಾಕಿ ನೋಡಿ. ಉಳಿಯುವ ನೀರು ಮೂರೇ ಜನಕ್ಕೆ ಸಾಕಾಗುತ್ತದೆ. ಆ ವರ್ಷ ಒಂದು ಕೋಣೆಗೆ ಬೀಗ ಹಾಕಿ.