ಶಿಫ್ಟ್ ಡ್ಯೂಟಿಯ ನಡುವೆ ದೇವರ ಜೊತೆ – ನನ್ನ ಅನುಭವ

ದೇವರ ಜೊತೆ ದಿನಾ ಸ್ವಲ್ಪ ಹೊತ್ತು ಕೂರಬೇಕು ಅನ್ನುವ ಆಸೆ ಇದ್ದೂ, ಬೆಳಿಗ್ಗೆ ಐದಕ್ಕೆ ಎದ್ದು ಕೂರುವ ಅನುಕೂಲ ಇಲ್ಲದವರು ನಮ್ಮ ಕ್ರೈಸ್ತ ಸಭೆಗಳಲ್ಲಿ ತುಂಬಾ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹುಬ್ಬಳ್ಳಿಯಲ್ಲಿ ಸ್ಟಾಫ್ ನರ್ಸ್. ಒಮ್ಮೆ ಮಾರ್ನಿಂಗ್ ಶಿಫ್ಟ್, ಒಮ್ಮೆ ಮಧ್ಯಾಹ್ನ, ಆಮೇಲೆ ನೈಟ್. ನೈಟ್ ಡ್ಯೂಟಿ ಮುಗಿಸಿ ಬರುವಾಗ ಓಣಿಯವರೆಲ್ಲ ಹಾಲು ತರಲು ಹೊರಟಿರುತ್ತಾರೆ, ನಾನು ಮಲಗಲು ಹೊರಟಿರುತ್ತೇನೆ. ಇಂಥ ದಿನಚರಿಯಲ್ಲೂ ದೇವರಿಗೆ ಹತ್ತಿರವಾಗಲು ಆಗುತ್ತದೆ. ನನಗೆ ಆಗಿದೆ.

ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಕೆಲಸ ಶುರು ಮಾಡಿದರು. ಆ ಕಾಲದಿಂದ ಬಂದ ಮನೆಗಳಲ್ಲಿ ಸಂಜೆ ಪ್ರಾರ್ಥನೆ ತಪ್ಪುವುದಿಲ್ಲ. ನಮ್ಮ ಮನೆಯಲ್ಲೂ ಊಟಕ್ಕೆ ಮುಂಚೆ ಎಲ್ಲರೂ ಚಾಪೆ ಮೇಲೆ ಕೂರಬೇಕು. ಒಂದು ಹಾಡು, ಸತ್ಯವೇದದ (ಬೈಬಲ್) ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ, ಅಪ್ಪನ ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಕರ್ತನು, ಅಂದರೆ ಯೇಸು, ಕಲಿಸಿದ ಪ್ರಾರ್ಥನೆ. ಓದುವ ಸರದಿ ನನ್ನದಾದಾಗ ಧ್ವನಿ ಸಣ್ಣದಾದರೆ ಅವ್ವ "ಬಾಯಿ ಬಿಟ್ಟು ಓದವಾ, ನಮಗೂ ಕೇಳಲಿ" ಅನ್ನುತ್ತಿದ್ದಳು. ಇವತ್ತಿಗೂ ನನಗೆ ಎಷ್ಟೋ ಕೀರ್ತನೆಗಳು ಕಿವಿಯಿಂದಲೇ ಬಾಯಿಪಾಠ. ಅದು ದೊಡ್ಡ ಆಸ್ತಿ. ಆದರೆ ಅದು ಮನೆಯವರೆಲ್ಲರೂ ಒಟ್ಟಿಗೆ ಮಾತಾಡಿಸುವ ದೇವರು. ನನ್ನೊಬ್ಬಳ ಜೊತೆಗೂ ಆತ ಮಾತಾಡಬೇಕು, ನನ್ನ ಒಳಗಿನದ್ದನ್ನು ಕೇಳಬೇಕು ಅನ್ನುವ ಹಸಿವು ಕೆಲಸಕ್ಕೆ ಸೇರಿದ ಮೇಲೆ ಜಾಸ್ತಿಯಾಯಿತು. ಸಾವನ್ನು ಅಷ್ಟು ಹತ್ತಿರದಿಂದ ನೋಡುವ ಕೆಲಸ ಅಲ್ವಾ.

ಮೊದಲು ಸಮಯದ ವಿಷಯ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದ ಅಂತ ಮಾರ್ಕ ಬರೆದ ಸುವಾರ್ತೆಯ (ಯೇಸುವಿನ ಜೀವನದ ಕಥೆಯ) ಮೊದಲ ಅಧ್ಯಾಯದಲ್ಲಿದೆ. ಮುಂಜಾನೆ ಪ್ರಾರ್ಥನೆ ಬಗ್ಗೆ ಪ್ರಸಂಗ ಮಾಡುವವರು ಇದನ್ನೇ ತೆಗೆಯುತ್ತಾರೆ, ಸರಿಯೇ. ಆದರೆ ಅದೇ ಯೇಸು ಬೆಟ್ಟದ ಮೇಲೆ ಇಡೀ ರಾತ್ರಿ ಪ್ರಾರ್ಥಿಸಿದ ಅಂತ ಲೂಕ ಬರೆಯುತ್ತಾನೆ. 55ನೇ ಕೀರ್ತನೆಯವನು ಸಂಜೆ, ಬೆಳಿಗ್ಗೆ, ಮಧ್ಯಾಹ್ನ ಮೊರೆಯಿಡುತ್ತಾನೆ. 119ನೇ ಕೀರ್ತನೆಯವನು ನಡುರಾತ್ರಿ ಎದ್ದು ಸ್ತೋತ್ರ ಮಾಡುತ್ತಾನೆ. ಹೊತ್ತು ಯಾವುದಾದರೂ ಆತ ಕೇಳುತ್ತಾನೆ. ಹಾಗಾಗಿ ನಾನು ಗಡಿಯಾರ ಬಿಟ್ಟು ಒಂದು ಕೆಲಸಕ್ಕೆ ಪ್ರಾರ್ಥನೆಯನ್ನು ಕಟ್ಟಿಹಾಕಿದೆ. ಡ್ಯೂಟಿಯಿಂದ ಬಂದು ಸ್ನಾನ ಮಾಡಿದ ಮೇಲೆ, ಊಟಕ್ಕೆ ಮುಂಚೆ. ಮಾರ್ನಿಂಗ್ ಶಿಫ್ಟ್ ಇದ್ದರೆ ಅದು ಮಧ್ಯಾಹ್ನ ಬೀಳುತ್ತದೆ, ಮಧ್ಯಾಹ್ನದ ಶಿಫ್ಟ್ ಆದರೆ ರಾತ್ರಿ, ನೈಟ್ ಆದರೆ ಬೆಳಿಗ್ಗೆ. ಸ್ನಾನ ಅಂತೂ ಯಾವ ದಿನವೂ ತಪ್ಪುವುದಿಲ್ಲ, ಅದರ ಬೆನ್ನಿಗೇ ಇದೂ ನಡೆದುಕೊಂಡು ಬರುತ್ತದೆ. ಜಾಗವೂ ಒಂದೇ: ಮಲಗುವ ಕೋಣೆಯ ಕಿಟಕಿ ಪಕ್ಕದ ಸ್ಟೂಲ್. ಬಾಗಿಲು ಹಾಕಿಕೊಳ್ಳುತ್ತೇನೆ. ಮನೆಯವರಿಗೆ ಗೊತ್ತು, ಆಗ ಯಾರೂ ಕೂಗುವುದಿಲ್ಲ. ಫೋನ್ ಅಡುಗೆಮನೆಯಲ್ಲಿರುತ್ತದೆ. ಆ್ಯಪ್‌ನಲ್ಲಿ ಸತ್ಯವೇದ ಓದುವುದು ಬಸ್ಸಿನಲ್ಲಿ ತುಂಬಾ ಅನುಕೂಲ, ಆದರೆ ಈ ಹೊತ್ತಿಗೆ ನನಗೆ ಕಾಗದದ್ದೇ ಬೇಕು.

ನೈಟ್ ಡ್ಯೂಟಿಗೆ ಹೊರಡುವ ಮುಂಚೆ ಮಾತ್ರ ಬೇರೆ ಒಂದು ಅಭ್ಯಾಸ ಇದೆ. 134ನೇ ಕೀರ್ತನೆ ಓದುತ್ತೇನೆ. ಮೂರೇ ವಚನ. ರಾತ್ರಿ ಹೊತ್ತು ಯೆಹೋವನ ಆಲಯದಲ್ಲಿ ನಿಂತು ಸೇವೆ ಮಾಡುವವರನ್ನು ಕರೆದು ಹೇಳುವ ಕೀರ್ತನೆ ಅದು. ವಾರ್ಡ್ ಕೂಡ ಆತನ ಆಲಯವೇ ಅಂದುಕೊಂಡು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತೇನೆ. ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ, ವಾಚ್‌ಮನ್‌ಗಳಿಗೆ, ಡ್ರೈವರ್‌ಗಳಿಗೆ ಇದನ್ನು ಯಾರೂ ಜಾಸ್ತಿ ಹೇಳಿಕೊಡುವುದಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಇನ್ನು ಓದುವುದು. ಸತ್ಯವೇದದಲ್ಲಿ ಒಟ್ಟು 1189 ಅಧ್ಯಾಯ. ದಿನಕ್ಕೆ ಮೂರು ನಾಲ್ಕು ಓದಿದರೆ ಒಂದು ವರ್ಷದಲ್ಲಿ ಮುಗಿಯುತ್ತದೆ. ಹಾಗೆ ಓದುವುದು ಒಳ್ಳೆಯದೇ, ಇಡೀ ಪುಸ್ತಕದ ನಕ್ಷೆ ತಲೆಯಲ್ಲಿ ಕೂರುತ್ತದೆ. ಆದರೆ ದೇವರ ಜೊತೆ ಆಪ್ತತೆ ಬೆಳೆಯಲು ನನಗೆ ಸಹಾಯ ಮಾಡಿದ್ದು ಕಡಿಮೆ ಓದಿ ಅಲ್ಲೇ ನಿಲ್ಲುವುದು. ಒಂದು ಸುವಾರ್ತೆಯಿಂದ ಒಂದೇ ಒಂದು ಘಟನೆ. ಬಾಯಿಬಿಟ್ಟು ಓದುವುದು, ನಿಧಾನಕ್ಕೆ, ಎರಡು ಸಲ. ಮೊದಲ ಸಲ ಏನು ನಡೆಯಿತು ಅಂತ ನೋಡಲು. ಎರಡನೇ ಸಲ ನಾನು ಎಲ್ಲಿ ನಿಂತಿದ್ದೇನೆ ಅಂತ ನೋಡಲು. ಆಮೇಲೆ ಪುಸ್ತಕ ಮುಚ್ಚಿ, ಅದರ ಬಗ್ಗೆ ಯೇಸುವಿನ ಹತ್ತಿರವೇ ಮಾತಾಡುವುದು. ಇಷ್ಟೇ ವಿಧಾನ. ಶುರು ಮಾಡಿದ್ದು ಮಾರ್ಕನಿಂದ, 16 ಅಧ್ಯಾಯದ ಚಿಕ್ಕ ಸುವಾರ್ತೆ, ಒಂದಾದ ಮೇಲೊಂದು ಘಟನೆ ಓಡುತ್ತಲೇ ಇರುತ್ತದೆ.

ಹೇಗೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಮಾರ್ಕ 10ರಲ್ಲಿ ಕುರುಡ ಬಾರ್ತಿಮಾಯ. ಯೆರಿಕೋ ಊರಿನ ದಾರಿ ಬದಿಯಲ್ಲಿ ಭಿಕ್ಷೆಗೆ ಕೂತಿದ್ದಾನೆ. ಯೇಸುವಿನ ಜೊತೆ ಗುಂಪು ಹೋಗುತ್ತಿದೆ. "ದಾವೀದನ ಕುಮಾರನೇ, ನನ್ನನ್ನು ಕರುಣಿಸು" ಅಂತ ಕೂಗುತ್ತಾನೆ. ಸುಮ್ಮನಿರು ಅಂತ ಜನ ಗದರಿಸುತ್ತಾರೆ, ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಯೇಸು ನಿಲ್ಲುತ್ತಾನೆ. ಈ ನಿಲ್ಲುವುದನ್ನು ನಾನು ಎಷ್ಟೋ ವರ್ಷ ಗಮನಿಸಿಯೇ ಇರಲಿಲ್ಲ. ಯೆರೂಸಲೇಮಿಗೆ, ಶಿಲುಬೆಗೆ ಹೊರಟವನು, ದಾರಿಯಲ್ಲಿ ಒಬ್ಬ ಭಿಕ್ಷುಕನ ಕೂಗಿಗೆ ನಿಂತುಬಿಟ್ಟ. ಅವನು ಮೇಲುಹೊದಿಕೆ ಬಿಸಾಡಿ ಹಾರಿ ಎದ್ದು ಬರುತ್ತಾನೆ. ಆಗ ಯೇಸು ಕೇಳುವುದು, ನಾನು ನಿನಗೆ ಏನು ಮಾಡಬೇಕು ಅಂತ. ಕುರುಡನಿಗೆ ಏನು ಬೇಕು ಅಂತ ಯಾರಿಗೆ ಗೊತ್ತಿಲ್ಲ? ಆದರೂ ಅವನ ಬಾಯಿಂದಲೇ ಕೇಳಬೇಕು ಆತನಿಗೆ. ಇನ್ನೊಂದು ವಿಷಯ, ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂಚೆ ತನ್ನ ಶಿಷ್ಯರಾದ ಯಾಕೋಬ ಯೋಹಾನರಿಗೂ ಯೇಸು ಇದೇ ಪ್ರಶ್ನೆ ಕೇಳಿದ್ದಾನೆ. ಅವರು ಕೇಳಿದ್ದು ಎಡಬಲದ ಸೀಟು. ಇವನು ಕೇಳಿದ್ದು ಕಣ್ಣು. ಪ್ರಶ್ನೆ ಒಂದೇ, ಕೇಳಿಕೊಂಡವರ ಮನಸ್ಸು ಬೇರೆ ಬೇರೆ.

ಆ ದಿನ ಪುಸ್ತಕ ಮುಚ್ಚಿದ ಮೇಲೆ ಆ ಪ್ರಶ್ನೆ ನನ್ನ ಮುಂದೆಯೇ ನಿಂತಿತು. ಸಾಮಾನ್ಯವಾಗಿ ಬಾಯಿಗೆ ಬರುವ "ಕರ್ತನೇ, ಆಶೀರ್ವದಿಸು, ಕಾಪಾಡು" ಅನ್ನುವ ಮಾತು ಅಲ್ಲಿ ಸಾಲಲಿಲ್ಲ. ಹಿಂದಿನ ರಾತ್ರಿ ವಾರ್ಡ್‌ನಲ್ಲಿ ಒಬ್ಬ ಹುಡುಗ ತೀರಿಕೊಂಡಿದ್ದ. "ಆ ತಾಯಿಯ ಮುಖ ನನ್ನ ಕಣ್ಣ ಮುಂದಿಂದ ಹೋಗ್ತಿಲ್ಲ, ನನ್ನ ಕೈಲಿ ಹೊರಲಿಕ್ಕೆ ಆಗ್ತಿಲ್ಲ, ಇದನ್ನು ನೀನು ಹೊರು" ಅಂದೆ. ಅಷ್ಟೇ ಪ್ರಾರ್ಥನೆ. ತುಂಬಾ ಹೊತ್ತು ಅತ್ತೆ. ದುಃಖ ಹೋಗಲಿಲ್ಲ. ಆದರೆ ಕೋಣೆಯಲ್ಲಿ ನಾನು ಒಬ್ಬಳೇ ಇರಲಿಲ್ಲ ಅನ್ನುವುದು ಅವತ್ತು ನನಗೆ ಗೊತ್ತಾದಷ್ಟು ಸ್ಪಷ್ಟವಾಗಿ ಮುಂಚೆ ಯಾವತ್ತೂ ಗೊತ್ತಾಗಿರಲಿಲ್ಲ. ಅಲ್ಲಿಂದ ಮುಂದೆ ಪ್ರಾರ್ಥನೆಯಲ್ಲಿ ಚೆಂದದ ಮಾತು ಹುಡುಕುವುದನ್ನು ಬಿಟ್ಟೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಹಾಗೆ ಹೇಳಲು ಧೈರ್ಯ ಕೊಟ್ಟಿದ್ದು ಕೀರ್ತನೆಗಳು. 150 ಕೀರ್ತನೆಗಳಲ್ಲಿ ಅಳಲು, ದೂರು, ಜಗಳ ಎಷ್ಟು ಇವೆ ನೋಡಿ. 13ನೇ ಕೀರ್ತನೆ ಶುರುವಾಗುವುದೇ ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ಪಿಪಿಇ ಕಿಟ್ ಬಿಚ್ಚಿ ಮನೆಗೆ ಬಂದು ನಾನು ಓದಿದ್ದು ಜಾಸ್ತಿ ಅದನ್ನೇ. ಆಗ ಯಾರಾದರೂ "ಎಲ್ಲ ಒಳ್ಳೆಯದಕ್ಕೇ" ಅಂದರೆ ನನಗೆ ಕೇಳಲು ಆಗುತ್ತಿರಲಿಲ್ಲ. ಆದರೆ ಈ ಕೀರ್ತನೆ ಕೇಳಲು ಆಗುತ್ತಿತ್ತು. ದೇವರೇ ಇಂಥ ಮಾತನ್ನು ತನ್ನ ಪುಸ್ತಕದಲ್ಲಿ ಇಟ್ಟಿದ್ದಾನೆ ಅಂದಮೇಲೆ ನಾನು ಹೇಳಿದರೆ ಸಿಟ್ಟಾಗುತ್ತಾನಾ? ಯೇಸು ಶಿಲುಬೆಯ ಮೇಲೆ ಕೂಗಿದ್ದೂ 22ನೇ ಕೀರ್ತನೆಯ ಮೊದಲ ಮಾತು. ಪ್ರಾಣ ಬಿಡುವಾಗ ಹೇಳಿದ್ದು 31ನೇ ಕೀರ್ತನೆಯ ಮಾತು. ಅವನ ಬಾಯಲ್ಲಿ ಇದ್ದದ್ದು ನಮ್ಮ ಬಾಯಲ್ಲೂ ಇರಲಿ.

ವಿಜ್ಞಾಪನೆಗೆ, ಅಂದರೆ ಬೇರೆಯವರಿಗಾಗಿ ಬೇಡಲು, ನನ್ನ ಹತ್ತಿರ ಒಂದು ಸಣ್ಣ ನೋಟ್‌ಬುಕ್ ಇದೆ. ಅದರಲ್ಲಿ ರೋಗಿಗಳ ಹೆಸರು ಬರೆಯುವುದಿಲ್ಲ, ಅದು ಸರಿಯಲ್ಲ. "ಕಿಟಕಿ ಪಕ್ಕದ ಬೆಡ್ಡಿನ ಅಜ್ಜಿ", "ಮಗಳು ಬರಲಿ ಅಂತ ಕಾಯ್ತಿರೋ ಕಾಕಾ", ಹೀಗೆ. ದೇವರಿಗೆ ಹೆಸರು ಗೊತ್ತು. ಶಿಷ್ಯ ಪೇತ್ರ ತಪ್ಪಿ ಬೀಳುವ ಮೊದಲೇ ಯೇಸು ಅವನಿಗೆ, ನಿನ್ನ ನಂಬಿಕೆ ಕುಂದಬಾರದು ಅಂತ ನಿನಗಾಗಿ ಬೇಡಿಕೊಂಡಿದ್ದೇನೆ ಅಂದ. ಒಬ್ಬೊಬ್ಬರಿಗಾಗಿ ಬೇಡುವುದನ್ನು ನಾನು ಅಲ್ಲಿಂದ ಕಲಿತೆ. ಡ್ಯೂಟಿ ಹೊತ್ತಿನಲ್ಲಿ ನೋಟ್‌ಬುಕ್ ತೆಗೆಯಲು ಪುರುಸೊತ್ತು ಇರುವುದಿಲ್ಲ. ಆದರೆ ಕೈ ತೊಳೆಯಲೇಬೇಕು. ಸೋಪು ಹಾಕಿ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡ್ ಬೇಕು ಅಂತ ನಮಗೆ ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಿದ್ದಾರೆ. ಆ ಹೊತ್ತಿನಲ್ಲಿ ಬಾರ್ತಿಮಾಯನ ಮಾತನ್ನೇ ಸ್ವಲ್ಪ ಬದಲಿಸಿ "ದಾವೀದನ ಕುಮಾರನೇ, ಈ ಅಜ್ಜಿಯನ್ನು ಕರುಣಿಸು" ಅನ್ನುತ್ತೇನೆ. ಅಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರ ತುದಿ, ಮಣಿಕಟ್ಟು. ಒಂದೊಂದಕ್ಕೂ ಒಂದೊಂದು ಸಲ. ಮುಂದಿನ ಬೆಡ್ಡಿಗೆ ಹೋಗುವ ಮುಂಚೆ ಆ ಮನುಷ್ಯನಿಗಾಗಿ ಬೇಡಿ ಆಗಿರುತ್ತದೆ. ಹೀಗೆ ಬೇಡಿದ ಮೇಲೆ ಎಂಥ ಸಿಡುಕಿನ ರೋಗಿಯ ಮೇಲೂ ನನಗೆ ರೇಗಲು ಮನಸ್ಸು ಬರುವುದಿಲ್ಲ, ಇದು ನಾನು ಕಣ್ಣಾರೆ ಕಂಡ ಸತ್ಯ.

ಇನ್ನೊಂದು ಮಾತು ಹೇಳಲೇಬೇಕು, ಯಾಕೆಂದರೆ ದಿನಾ ಓದುವವರು ಇದನ್ನು ದಾಟಿ ಹೋಗಲು ಆಗುವುದಿಲ್ಲ. ದೇವರ ವಾಕ್ಯ ಏನಾದರೂ ಮಾಡು ಅಂತ ಹೇಳುತ್ತದೆ. ನಮ್ಮ ಅವ್ವ ತೀರಿಕೊಂಡ ಮೇಲೆ ಅವಳ ಬಳೆ ಯಾರಿಗೆ ಸೇರಬೇಕು ಅನ್ನುವ ವಿಷಯಕ್ಕೆ ವೈನಿ (ಅತ್ತಿಗೆ) ನನ್ನ ಮೇಲೆ ಮುನಿಸಿಕೊಂಡು ಮಾತು ಬಿಟ್ಟಿದ್ದರು. ಮತ್ತಾಯ ಓದುತ್ತಾ ಐದನೇ ಅಧ್ಯಾಯಕ್ಕೆ ಬಂದೆ. ಕಾಣಿಕೆ ಹಿಡಿದು ಯಜ್ಞವೇದಿ ಹತ್ತಿರ ಬಂದಾಗ, ನಿನ್ನ ಮೇಲೆ ನಿನ್ನ ಸಹೋದರನಿಗೆ ಏನೋ ಮನಸ್ತಾಪ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಅಂತಿದೆ. ತಪ್ಪು ಯಾರದು ಅಂತ ಅಲ್ಲಿ ಕೇಳಿಯೇ ಇಲ್ಲ. ಮರುದಿನ ಮುಂದಿನ ಭಾಗಕ್ಕೆ ಹೋಗಲು ನೋಡಿದೆ, ಆಗಲಿಲ್ಲ. ಕೊನೆಗೆ ಅಡುಗೆಮನೆಗೆ ಹೋಗಿ ಫೋನ್ ತೆಗೆದು "ವೈನಿ, ನಾನ್ರಿ" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಊಟ ಆತೇನು?" ಅಂದರು. ಬಳೆ ವಿಷಯ ಅವತ್ತು ಯಾರೂ ಎತ್ತಲಿಲ್ಲ. ಬಂದು ಮತ್ತೆ ಸ್ಟೂಲ್ ಮೇಲೆ ಕೂತಾಗ ಪ್ರಾರ್ಥನೆಗೆ ಇದ್ದ ತಡೆ ಹೋಗಿತ್ತು. ಓದಿದ್ದನ್ನು ಮಾಡಿದ ದಿನ ದೇವರು ಎಷ್ಟು ಹತ್ತಿರ ಇರುತ್ತಾನೋ, ಸುಮ್ನೆ ಓದಿ ಎದ್ದ ದಿನ ಅಷ್ಟು ಹತ್ತಿರ ನನಗೆ ಅನ್ನಿಸಿದ್ದಿಲ್ಲ.

ಏನೂ ಅನ್ನಿಸದ ದಿನಗಳೂ ಇರುತ್ತವೆ. ಬೆನ್ನುಬೆನ್ನಿಗೆ ನೈಟ್ ಮಾಡಿ ಬಂದಾಗ ಅಕ್ಷರವೇ ಕಣ್ಣಿಗೆ ಹಿಡಿಯುವುದಿಲ್ಲ. ಆಗ ನನಗೆ ಪ್ರವಾದಿ ಎಲೀಯನ ನೆನಪಾಗುತ್ತದೆ. ಸಾಯಬೇಕು ಅಂತ ಮರದ ಕೆಳಗೆ ಮಲಗಿದವನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಅವನು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದ. ಹೋರೇಬಿನ ಬೆಟ್ಟದಲ್ಲಿ ದೇವರು ಮೆಲ್ಲಗಿನ ದನಿಯಲ್ಲಿ ಮಾತಾಡಿದ್ದೆಲ್ಲ ಆಮೇಲೆ. ಅಂಥ ದಿನ ನಾನು ಕರ್ತನು ಕಲಿಸಿದ ಪ್ರಾರ್ಥನೆ ಒಂದನ್ನೇ ಹೇಳುತ್ತೇನೆ, ಒಂದೊಂದು ಸಾಲಿಗೆ ಒಂದೊಂದು ಉಸಿರು. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಅಂದಮೇಲೆ ಊಟ ಮಾಡಿ ಮಲಗುತ್ತೇನೆ. ಆ ನಿದ್ದೆಯನ್ನೂ ಆತನೇ ಕೊಟ್ಟಿದ್ದು ಅಂತ ತೆಗೆದುಕೊಳ್ಳುತ್ತೇನೆ.

ಭಾನುವಾರದ ಆರಾಧನೆಗೂ ಇದರಿಂದ ರುಚಿ ಬಂದಿದೆ. ವಾರವಿಡೀ ಒಬ್ಬಳೇ ಓದಿದ ಕೀರ್ತನೆ ಅಲ್ಲಿ ಎಲ್ಲರ ಬಾಯಲ್ಲಿ ಬಂದಾಗ ಮೈ ಜುಮ್ಮೆನ್ನುತ್ತದೆ.

ನಮ್ಮ ವಾರ್ಡ್‌ಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಕ್ರೈಸ್ತ ಮನೆಯವಳು. "ಅಕ್ಕಾ, ನಾನೂ ಮಾಡಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡಲಿ?" ಅಂತ ಕೇಳಿದಳು. ಮಾರ್ಕ ಒಂದನೇ ಅಧ್ಯಾಯ, ದಿನಕ್ಕೆ ಒಂದೇ ಘಟನೆ, ನೈಟ್ ಇದ್ದರೆ 134ನೇ ಕೀರ್ತನೆ, ಅರ್ಥವಾಗದ್ದನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೋ ಅಂದೆ. ಈಗ ನಾಲ್ಕನೇ ಅಧ್ಯಾಯಕ್ಕೆ ಬಂದಿದ್ದಾಳೆ. ಮೊನ್ನೆ ಟೀ ಕುಡಿಯುವಾಗ ಕೇಳಿದಳು, "ಅಕ್ಕಾ, ದೋಣಿಯಲ್ಲಿ ನೀರು ತುಂಬ್ತಾ ಇದೆ, ಯೇಸು ದಿಂಬಿಗೆ ತಲೆ ಕೊಟ್ಟು ನಿದ್ದೆ ಮಾಡ್ತಾನಲ್ಲ, ಅದು ಹೇಗೆ?" ಯಾಕಿರಬಹುದು ಅಂತ ನಿನಗೇ ಏನನ್ನಿಸುತ್ತೆ, ಮೊದಲು ಆತನನ್ನೇ ಕೇಳು ಅಂದಿದ್ದೇನೆ. ಬುಧವಾರ ಇಬ್ಬರಿಗೂ ಒಂದೇ ಶಿಫ್ಟ್, ಅವತ್ತು ಕೂತು ಮಾತಾಡುತ್ತೇವೆ.