ಮ್ಯಾಡ್ರಿಡ್‌ನಲ್ಲಿ ಫ್ಲಮೆಂಕೊ ಕಲೀಬೇಕಾ? ಮೊದ್ಲು ಚಪ್ಪಾಳೆ ಕಲೀರಿ

ಮ್ಯಾಡ್ರಿಡ್‌ಗೆ ಓದೋಕೆ, ಕೆಲ್ಸಕ್ಕೆ ಅಂತ ಬರೋ ನಮ್ಮ ಹುಡ್ಗೀರು, ಅದ್ರಲ್ಲೂ ಚಿಕ್ಕಂದಿನಿಂದ ಭರತನಾಟ್ಯ ಮಾಡಿದವ್ರು, ಸ್ಪೇನಿನ ಹಾಡು-ಕುಣಿತದ ಕಲೆ ಫ್ಲಮೆಂಕೊ ಕ್ಲಾಸಿಗೆ ಸೇರಿ ತಿಂಗಳೊಳಗೆ ಬಿಟ್ಟಿದ್ದನ್ನ ತುಂಬಾ ಸಲ ನೋಡಿದೀನಿ. ಕಾಲು ಅವ್ರಿಗೆ ಬರುತ್ತೆ, ಲೆಕ್ಕ ಕೈ ಕೊಡುತ್ತೆ. ಅದಕ್ಕೇ ಇದನ್ನ ಬರೀತಿದೀನಿ.

ಮೊದ್ಲು ಒಂದು ಶೋ ನೋಡಿ. ಫ್ಲಮೆಂಕೊ ನಡೆಯೋ ಪುಟ್ಟ ಸ್ಟೇಜಿನ ಜಾಗಕ್ಕೆ ತಬ್ಲಾವ್ ಅಂತಾರೆ. 1956ರಲ್ಲಿ ಶುರುವಾದ ಕೊರ್ರಾಲ್ ದೆ ಲಾ ಮೊರೆರಿಯಾ ಹೆಸರುವಾಸಿ, ದುಬಾರಿನೂ ಹೌದು. ಎಚೆಗರಾಯ್ ಬೀದಿಯ ಕಾರ್ದಮೋಮೊ ಊರ ಮಧ್ಯದಲ್ಲೇ ಇದೆ. ಊಟದ ಟಿಕೆಟ್ ತಗೋಬೇಡಿ, ಶೋ ಜೊತೆ ಒಂದು ಡ್ರಿಂಕ್ ಕೊಡೋದು ಸಾಕು, ತಟ್ಟೆ ಚಮಚದ ಗಲಾಟೇಲಿ ಹಿಮ್ಮಡಿ ಸದ್ದು ಕೇಳ್ಸೋದೇ ಇಲ್ಲ. ಮುಖ ಕಾಣೋ ಸೀಟಿಗಿಂತ ಪಾದ ಕಾಣೋ ಸೀಟು ಹಿಡೀರಿ. ಇನ್ನೊಂದು, ಹಾಡಿನ ಜೊತೆ ನೀವು ಚಪ್ಪಾಳೆ ಹೊಡೀಬೇಡಿ. ಅಲ್ಲಿ ಚಪ್ಪಾಳೆನೇ ಒಂದು ವಾದ್ಯ, ಕಲಾವಿದರೇ ಹೊಡೀತಾರೆ, ನಾವು ಸೇರ್ಕೊಂಡ್ರೆ ಕಛೇರಿ ನಡೀತಿರುವಾಗ ಸಭಿಕರೊಬ್ರು ಎದ್ದುಹೋಗಿ ಮೃದಂಗ ತಟ್ಟಿದ ಹಾಗಾಗುತ್ತೆ. ಇಷ್ಟ ಆದ್ರೆ 'ಓಲೆ' ಅನ್ನಿ, ನಮ್ಮ 'ಭೇಷ್' ಥರ.

ಈಗ ಎಲ್ರೂ ಎಡವೋ ಜಾಗ, ಕೊಂಪಾಸ್. ಅಂದ್ರೆ ಅವರ ತಾಳ. ಫ್ಲಮೆಂಕೊದಲ್ಲಿ ಹಾಡು-ಕುಣಿತದ ಬಗೆಗಳು ಹಲವು. ತಂಗೋಸ್ ಅನ್ನೋ ಬಗೆ ನಾಲ್ಕರ ಲೆಕ್ಕ, ಅದು ಸಲೀಸು. ಬುಲೆರಿಯಾಸ್ ಅನ್ನೋದು ಹನ್ನೆರಡರದ್ದು, ಎಣಿಕೆ ಶುರುವಾಗೋದೂ ಹನ್ನೆರಡರಿಂದಲೇ: ಹನ್ನೆರಡು, ಒಂದು, ಎರಡು, ಮೂರು ಹೀಗೆ ಹನ್ನೊಂದರವರೆಗೆ, ಒತ್ತು ಬೀಳೋದು 12, 3, 6, 8, 10ಕ್ಕೆ. ನಂಬರ್ ಹಿಡ್ಕೊಂಡು ಹೋದ್ರೆ ತಲೆ ಕೆಡುತ್ತೆ. ನಮ್ಮ ಸೊಲ್ಲಲ್ಲಿ ಹೇಳ್ಕೊಳ್ಳಿ: ತಕಿಟ ತಕಿಟ ತಕ ತಕ ತಕ. ಅಷ್ಟೇ, ಹನ್ನೆರಡು ಆಯ್ತು. ಪ್ರತಿ 'ತ'ಗೆ ಒಂದು ಚಪ್ಪಾಳೆ. ಮೊದ್ಲು ತೀರಾ ನಿಧಾನಕ್ಕೆ, ಮೆಟ್ರೋ ಹತ್ರ ನಡ್ಕೊಂಡು ಹೋಗ್ತಾ ಬಾಯಲ್ಲೇ ಹೇಳ್ಕೊಂಡು, ಆಮೇಲೆ ವೇಗ. ಮುಗಿಸೋದು ಇನ್ನೂ ಕಷ್ಟ, ಯಾಕಂದ್ರೆ ನಮಗೆ ಸಮಕ್ಕೆ, ಅಂದ್ರೆ ತಾಳದ ಮೊದಲ ಏಟಿಗೆ, ಬಂದು ಮುಗಿಸಿ ಅಭ್ಯಾಸ, ಇಲ್ಲಿ ಸಾಮಾನ್ಯವಾಗಿ ಹತ್ತಕ್ಕೇ ಮುಗೀತದೆ. ಕೊನೇ 'ತಕ'ದಲ್ಲಿ 'ತ' ಹೊಡೆದು ನಿಂತ್ಬಿಡಿ, 'ಕ' ನುಂಗಿ. ಆ ನುಂಗೋದು ಬರೋವರೆಗೆ ಕಾಲಿನ ಕೆಲ್ಸಕ್ಕೆ ಹೋಗ್ಬೇಡಿ.

ಚಪ್ಪಾಳೇಲೂ ಎರಡು ಥರ. ಅಂಗೈ ಬೋಗುಣಿ ಮಾಡಿ ಹೊಡೆದ್ರೆ ದಪ್ಪ ಸದ್ದು, ಅದು ಹಾಡು ನಡೀತಿರುವಾಗ. ಒಂದು ಕೈ ಬೆರಳುಗಳನ್ನ ಇನ್ನೊಂದರ ಅಂಗೈಗೆ ಹೊಡೆದ್ರೆ ಚುರುಕು ಸದ್ದು, ಅದು ಕಾಲಿನ ಕೆಲ್ಸ ಜೋರಾದಾಗ.

ಕಾಲಲ್ಲಿ ಭರತನಾಟ್ಯದವರು ಮಾಡೋ ತಪ್ಪು ಒಂದೇ, ಭರತನಾಟ್ಯದ ಮೊದಲ ಪಾಠದ ತಟ್ಟಡವು ಥರ ಪೂರ್ತಿ ಪಾದ ಅಪ್ಪಳಿಸೋದು. ಇಲ್ಲಿ ಪೂರ್ತಿ ಪಾದಕ್ಕೆ ಗೋಲ್ಪೆ, ಮುಂಪಾದಕ್ಕೆ ಪ್ಲಾಂತಾ, ಹಿಮ್ಮಡಿಗೆ ತಕೋನ್, ಮೂರಕ್ಕೂ ಬೇರೆ ಬೇರೆ ದನಿ. ಮಂಡಿ ಸ್ವಲ್ಪ ಬಗ್ಗಿರ್ಲಿ, ಭರತನಾಟ್ಯದ ಅರ್ಧ ಕೂತ ಅರಮಂಡಿ ಬೇಡ.

ಶೂ ಬಗ್ಗೆ: ಟೂರಿಸ್ಟ್ ಅಂಗಡೀಲಿ ಸಿಗೋ ಚುಕ್ಕಿ ಚುಕ್ಕಿ ಶೂ ದಯವಿಟ್ಟು ತಗೋಬೇಡಿ, ಅಡೀಲಿ ಮೊಳೆನೇ ಇರಲ್ಲ. ಡಾನ್ಸ್ ಶೂ ಅಂಗಡೀಲಿ ತಿರುಗಿಸಿ ನೋಡಿ, ತುದಿಗೂ ಹಿಮ್ಮಡಿಗೂ ಸಣ್ಣ ಮೊಳೆ ಒತ್ತೊತ್ತಾಗಿ ಹೊಡೆದಿರ್ಬೇಕು, ಹಿಮ್ಮಡಿ ಅಗಲ ಇರ್ಬೇಕು. ಕೈಯಲ್ಲಿ ಟಕಟಕ ಅನ್ಸೋ ಕ್ಯಾಸ್ಟನೆಟ್ ಚಿಪ್ಪು ಕೊಳ್ಳೋದು ವೇಸ್ಟ್, ಹೊಸಬರ ಕ್ಲಾಸಿಗೆ ಅದು ಬೇಕಾಗಲ್ಲ.

ಸ್ಕೂಲು ಅಂದ್ರೆ ಹಳೇ ಹೆಸರು ಆಮೋರ್ ದೆ ದಿಯೋಸ್. ಆಂತೋನ್ ಮಾರ್ತಿನ್ ಮಾರ್ಕೆಟ್ ಮೇಲೆ ಬಹಳ ವರ್ಷ ನಡೆದಿದ್ದು, ಕೆಳಗೆ ಮೀನು ತರಕಾರಿ, ಮೇಲಿಂದ ಹಿಮ್ಮಡಿ ಸದ್ದು. ಹೋಗೋ ಮುಂಚೆ ಈಗಿನ ವಿಳಾಸ, ಟೈಮಿಂಗ್ ನೋಡ್ಕೊಳ್ಳಿ. ಅಲ್ಲಿ ಒಬ್ಬೊಬ್ರು ಟೀಚರ್‌ದು ಒಂದೊಂದು ಕ್ಲಾಸು, 'ಇನಿಥಿಯಾಥಿಯೋನ್' ಅಂತ ಇದ್ರೆ ಹೊಸಬರಿಗೆ. ಹತ್ತು ವರ್ಷ ಭರತನಾಟ್ಯ ಮಾಡಿದ್ರೂ ಅದಕ್ಕೇ ಸೇರಿ, ತಂಗೋಸ್ ಹೇಳ್ಕೊಡೋ ಟೀಚರ್ ಸಿಕ್ರೆ ಇನ್ನೂ ಒಳ್ಳೇದು.

ಮನೇಲಿ ಟೈಲ್ಸ್ ಮೇಲೆ ಪ್ರಾಕ್ಟೀಸ್ ಬೇಡ, ಮಂಡಿ ಹೋಗುತ್ತೆ. ದಪ್ಪ ಪ್ಲೈವುಡ್ ಹಲಗೆ, ಅದರಡಿ ಒಂದು ಮ್ಯಾಟ್. ಕೆಳಗಿನ ಮನೆಯವ್ರಿಗೆ ಯಾವ ಹೊತ್ತು ಪರವಾಗಿಲ್ಲ ಅಂತ ಕೇಳ್ಕೊಂಡು ಶುರು ಮಾಡಿ, ರಾತ್ರಿ ಹೊತ್ತು ಬರೀ ಚಪ್ಪಾಳೆ, ಅದೂ ಬೋಗುಣಿ ಕೈಯಲ್ಲಿ.